ಗಾಳಿ ನೇರ ಬರುತ್ತದೆ, ನೀರು ಸುತ್ತಿ ಬರುತ್ತದೆ: ಪಶ್ಚಿಮ ಘಟ್ಟಕ್ಕೂ ನಮ್ಮ ಕಾಲುವೆಗೂ ಏನು ನಂಟು?

ಜುಲೈ ಬಂತು ಅಂದ್ರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಚಹಾ ಅಂಗಡಿಗಳಲ್ಲಿ ಮೊದಲ ಮಾತೇ ಡ್ಯಾಮಿನದು. "ಅಣ್ಣ, ಇವತ್ತು ಒಳಹರಿವು ಎಷ್ಟೈತಿ?" "ಶೃಂಗೇರಿ ಕಡೆ ಮಳಿ ಹಿಡದೈತಂತ, ಬರ್ತೈತಿ ಬಿಡು." ನಮ್ಮ ಹೊಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ. ಆದರೂ ಭತ್ತದ ಸಸಿ ಮಡಿ ಹಾಕಲು ಧೈರ್ಯ ಬಂದಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ತುಂಬಿದ್ದ ಡ್ಯಾಂ ಕಣ್ಣೆದುರೇ ಖಾಲಿಯಾಗತೊಡಗಿತು. ಒಂದು ವಾರ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ತಾತ್ಕಾಲಿಕ ಗೇಟ್ ಕೂರಿಸಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಮಲೆನಾಡಿನಲ್ಲಿ ಮತ್ತೆ ಮಳೆ ಬರುತ್ತಾ?" ಬಂತು. ಡ್ಯಾಂ ಮತ್ತೆ ಏರಿತು.

ಆಗಿನಿಂದ ನನ್ನನ್ನು ಕಾಡುತ್ತಿರುವ ವಿಷಯ ಇದು. ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಬೆಟ್ಟಗಳ ಮೇಲೆ ಬೀಳುವ ಮಳೆ ನಮ್ಮ ಊಟವನ್ನು ತೀರ್ಮಾನಿಸುತ್ತದೆ. ಆದರೆ ಆ ಬೆಟ್ಟಗಳ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ. ಅಲ್ಲಿ ಅಷ್ಟು ಮಳೆ ಯಾಕೆ, ಇಲ್ಲಿ ಯಾಕಿಲ್ಲ? ಸಮುದ್ರದ ಪಕ್ಕದಲ್ಲೇ ಬಿದ್ದ ನೀರು ಸಮುದ್ರಕ್ಕೆ ಹೋಗದೆ ನಮ್ಮ ಕಡೆ ಯಾಕೆ ಬರುತ್ತದೆ? ಬುಡದಿಂದ ನೋಡೋಣ.

ಅದು ಬೆಟ್ಟದ ಸಾಲಲ್ಲ, ಕಟ್ಟೆಯ ಅಂಚು

ಪಶ್ಚಿಮ ಘಟ್ಟಕ್ಕೆ ಸಹ್ಯಾದ್ರಿ ಅಂತಲೂ ಹೆಸರು. ಉತ್ತರದಲ್ಲಿ ತಾಪಿ ನದಿಯ ಹತ್ತಿರ ಶುರುವಾಗಿ ದಕ್ಷಿಣದಲ್ಲಿ ಕನ್ಯಾಕುಮಾರಿ ಹತ್ತಿರದವರೆಗೆ ಸುಮಾರು 1,600 ಕಿ.ಮೀ. ಉದ್ದ. ಗುಜರಾತ್, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು ಹೀಗೆ ಆರು ರಾಜ್ಯ ದಾಟುತ್ತದೆ. ಅತಿ ಎತ್ತರದ ಶಿಖರ ಕೇರಳದ ಆನಮುಡಿ, 2,695 ಮೀಟರ್. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಅದು 1,900 ಮೀಟರಿಗಿಂತ ಸ್ವಲ್ಪ ಜಾಸ್ತಿ. 2012ರಲ್ಲಿ ಈ ಸಾಲಿನ 39 ತಾಣಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಅಂಕಿಗಳಿಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹಿಮಾಲಯ ಹುಟ್ಟಿದ್ದು ಎರಡು ಭೂಭಾಗಗಳು ಒಂದಕ್ಕೊಂದು ಒತ್ತಿ. ಹಾಸಿದ ಚಾಪೆಯನ್ನು ಎರಡೂ ಕಡೆಯಿಂದ ತಳ್ಳಿದರೆ ನಡುವೆ ಮಡಿಕೆ ಏಳುತ್ತದಲ್ಲ, ಹಾಗೆ. ಘಟ್ಟದ ಕಥೆಯೇ ಬೇರೆ. ಬಹಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಅಂಟಿಕೊಂಡಿದ್ದವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಬೇರೆಯಾದವು. ಮುರಿದ ರೊಟ್ಟಿಗೆ ಒರಟು ಅಂಚು ಉಳಿಯುವಂತೆ ನಮ್ಮ ನೆಲಕ್ಕೂ ಪಶ್ಚಿಮದಲ್ಲಿ ಒಂದು ಅಂಚು ಉಳಿಯಿತು. ಮಳೆ, ನದಿಗಳು ಕೋಟಿಗಟ್ಟಲೆ ವರ್ಷ ಆ ಅಂಚನ್ನು ಕೊರೆದು ಹಿಂದಕ್ಕೆ ತಳ್ಳಿವೆ. ಇವತ್ತು ನಾವು ಘಟ್ಟ ಅನ್ನುವುದು ಬಹುಮಟ್ಟಿಗೆ ಅದನ್ನೇ, ಅಂದರೆ ದಖ್ಖನ್ ಪ್ರಸ್ಥಭೂಮಿಯ ಪಶ್ಚಿಮದ ತುದಿಯನ್ನು.

ನಮ್ಮ ಹಳ್ಳಿಗಳಲ್ಲಿ ಮನೆ ಮುಂದೆ ಕಟ್ಟೆ ಇರುತ್ತದೆ. ಬೀದಿಯಲ್ಲಿ ನಿಂತು ನೋಡಿದರೆ ಅದು ಎದೆಮಟ್ಟದ ಗೋಡೆ. ಮನೆಯೊಳಗಿಂದ ಬಂದವರಿಗೆ ಸುಮ್ನೆ ಸಮತಟ್ಟು ನೆಲ. ಘಟ್ಟವೂ ಹಾಗೇ. ಉಡುಪಿ ಕಡೆಯಿಂದ ನೋಡಿದವರಿಗೆ ಅದು ಮುಗಿಲು ಮುಟ್ಟುವ ಗೋಡೆ. ನಮ್ಮ ಕಡೆಯಿಂದ ಹೋದವರಿಗೆ ಹತ್ತಿದ್ದೇ ಗೊತ್ತಾಗುವುದಿಲ್ಲ.

ನಾನೊಮ್ಮೆ ಮಳೆಗಾಲದಲ್ಲಿ ಕೊಪ್ಪಳದಿಂದ ಆಗುಂಬೆಗೆ ಹೋಗಿದ್ದೆ. ಹರಿಹರದವರೆಗೂ ಒಣ ಗಾಳಿ. ಶಿವಮೊಗ್ಗ ದಾಟಿದ ಮೇಲೆ ಮರ ದಟ್ಟವಾಗುತ್ತಾ ಹೋದವು, ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ದೊಡ್ಡ ಏರು ಎಲ್ಲೂ ಸಿಗಲಿಲ್ಲ. ಆಗುಂಬೆ ದಾಟಿದ್ದೇ ತಡ, ನೆಲವೇ ಮುಗಿದುಹೋಯಿತು! 14 ತಿರುವುಗಳಲ್ಲಿ ರಸ್ತೆ ಕೆಳಗೆ ಸೋಮೇಶ್ವರಕ್ಕೆ ಇಳಿಯುತ್ತದೆ. ನಾನು ನಿಂತಿದ್ದು ಬೆಟ್ಟದ ತುದಿಯಲ್ಲಲ್ಲ, ಕಟ್ಟೆಯ ಅಂಚಿನಲ್ಲಿ ಅಂತ ಆಗ ಅರ್ಥವಾಯಿತು. "ಘಟ್ಟದ ಮೇಲೆ", "ಘಟ್ಟದ ಕೆಳಗೆ" ಅಂತ ಅಲ್ಲಿಯ ಜನ ಮಾತಾಡುವುದೂ ಇದಕ್ಕೇ.

ಗಾಳಿ ಮೇಲೇರಿದರೆ ಮಳೆ ಯಾಕೆ?

ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ಜಾಗ ತುಂಬಲು ಅರಬ್ಬೀ ಸಮುದ್ರದ ಕಡೆಯಿಂದ ಗಾಳಿ ನುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮುಂಗಾರು, ದೊಡ್ಡ ಲೆಕ್ಕದಲ್ಲಿ, ಇದೇ. ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲೆ ಹಾದು ಬರುವ ಈ ಗಾಳಿಯಲ್ಲಿ ನೀರಾವಿ ತುಂಬಿರುತ್ತದೆ.

ಆದರೆ ನೀರಾವಿ ಇದ್ದ ಮಾತ್ರಕ್ಕೆ ಮಳೆ ಬರಲ್ಲ. ಅದು ತಣ್ಣಗಾಗಬೇಕು. ಬೇಸಿಗೆಯಲ್ಲಿ ಫ್ರಿಜ್‌ನಿಂದ ತೆಗೆದಿಟ್ಟ ನೀರಿನ ಬಾಟಲಿಯ ಹೊರಗೆ ಹನಿ ಮೂಡುತ್ತದೆ. ಅದು ಬಾಟಲಿಯಿಂದ ಸೋರಿದ್ದಲ್ಲ. ಸುತ್ತಲಿನ ಗಾಳಿಯಲ್ಲಿದ್ದ ಆವಿ ತಣ್ಣಗಿನ ಬಾಟಲಿ ಮುಟ್ಟಿ ನೀರಾಗಿದ್ದು. ಬಿಸಿ ಗಾಳಿ ಜಾಸ್ತಿ ಆವಿ ಹೊರುತ್ತದೆ, ತಣ್ಣನೆ ಗಾಳಿ ಕಡಿಮೆ. ತಣ್ಣಗಾದ ಗಾಳಿ ತನ್ನ ಹೊರೆ ಇಳಿಸಲೇಬೇಕು.

ಗಾಳಿಯನ್ನು ತಣ್ಣಗೆ ಮಾಡುವ ಕೆಲಸ ಘಟ್ಟದ್ದು. ಸಮುದ್ರದಿಂದ ಬಂದ ಗಾಳಿಗೆ ಕರಾವಳಿ ದಾಟಿದ ಕೂಡಲೇ ಎದುರಿಗೆ ಗೋಡೆ. ದಾಟಬೇಕಾದರೆ ಮೇಲೇರಬೇಕು. ಮೇಲೆ ಹೋದಂತೆ ಅದನ್ನು ಒತ್ತಿ ಹಿಡಿಯುವ ಸುತ್ತಲಿನ ಒತ್ತಡ ಕಡಿಮೆಯಾಗುತ್ತದೆ, ಹಾಗಾಗಿ ಗಾಳಿ ಹಿಗ್ಗುತ್ತದೆ. ಹಿಗ್ಗಿದರೆ ತಣ್ಣಗಾಗುತ್ತದೆ. ಇದು ಸೈಕಲ್ ಇರುವ ಮನೆಯಲ್ಲಿ ಯಾರು ಬೇಕಾದರೂ ಕೈಯಲ್ಲೇ ನೋಡಬಹುದಾದ ಸಂಗತಿ. ಪಂಪ್ ಹೊಡೆದು ಗಾಳಿಯನ್ನು ಒತ್ತಿದಾಗ ಪಂಪಿನ ತುದಿ ಬಿಸಿಯಾಗುತ್ತದೆ. ತುಂಬಿದ ಟ್ಯೂಬಿನ ವಾಲ್ವ್ ಒತ್ತಿ ಬಿಟ್ಟರೆ ಹೊರಬರುವ ಗಾಳಿ ಬೆರಳಿಗೆ ತಣ್ಣಗೆ ತಾಗುತ್ತದೆ. ಒಂದು ಕಿಲೋಮೀಟರ್ ಮೇಲೇರಿದ ಗಾಳಿ ಸುಮಾರು 6ರಿಂದ 10 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಮೋಡ ಕಟ್ಟುತ್ತದೆ, ಅಲ್ಲೇ ಸುರಿಯುತ್ತದೆ.

ಎಷ್ಟು ಸುರಿಯುತ್ತದೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ 500–600ರ ಆಸುಪಾಸು. ಮಿಲಿಮೀಟರ್ ಅಂದರೆ ಕಣ್ಣಿಗೆ ಕಟ್ಟಲ್ಲ, ಹೀಗೆ ನೋಡಿ. ಬಳ್ಳಾರಿಯ ಒಂದು ಅಂಗಳದಲ್ಲಿ ವರ್ಷದ ಮಳೆಯನ್ನೆಲ್ಲ ಹರಿಯಲು, ಇಂಗಲು ಬಿಡದೆ ಹಿಡಿದಿಟ್ಟರೆ ಮೊಣಕಾಲು ಮಟ್ಟದ ನೀರು. ಆಗುಂಬೆಯಲ್ಲಿ ಹಾಗೆ ಹಿಡಿದಿಟ್ಟರೆ ಎರಡಂತಸ್ತಿನ ಮನೆ ಮುಳುಗುತ್ತದೆ. ಎರಡರ ನಡುವೆ ನೇರ ಗೆರೆ ಎಳೆದರೆ ಮುನ್ನೂರು ಕಿಲೋಮೀಟರೂ ಆಗಲ್ಲ.

ಆಷಾಢದ ಗಾಳಿ ಯಾರದು?

ಈಗ ನಮ್ಮ ಕಡೆ ಬರೋಣ. ಆಷಾಢದಲ್ಲಿ ನಮ್ಮಲ್ಲಿ ಗಾಳಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಬಾಗಿಲು ಬಡಿಯುತ್ತದೆ, ತಗಡು ಹಾರುತ್ತದೆ, ಬಟ್ಟೆ ಒಣಹಾಕಿದರೆ ಪಕ್ಕದ ಓಣಿಯಲ್ಲಿ ಹುಡುಕಬೇಕು. ತಲೆಯ ಮೇಲೆ ಮೋಡ ಓಡುತ್ತಲೇ ಇರುತ್ತವೆ, ಒಂದೂ ನಿಲ್ಲಲ್ಲ. "ಗಾಳಿ ಮೋಡ ಹಾರಿಸ್ಕೊಂಡು ಹೋಗ್ತೈತಿ" ಅಂತ ಹಿರಿಯರು ಬೈಯುತ್ತಾರೆ.

ಆ ಗಾಳಿ ಬೇರೆ ಯಾವುದೂ ಅಲ್ಲ. ಮುಂಗಾರಿನದೇ. ಘಟ್ಟ ಹತ್ತಿ, ಹೊರೆಯ ಬಹುಪಾಲನ್ನು ಅಲ್ಲೇ ಇಳಿಸಿ, ಖಾಲಿ ಕೈಯಲ್ಲಿ ನಮ್ಮ ಕಡೆ ಬಂದಿರುತ್ತದೆ. ಅಷ್ಟೇ ಅಲ್ಲ. ಘಟ್ಟ ದಾಟಿದ ಮೇಲೆ ಗಾಳಿ ಕೆಳಗಿಳಿಯುತ್ತದೆ. ಇಳಿದಂತೆ ಒತ್ತಡ ಹೆಚ್ಚಾಗಿ ಬಿಸಿಯಾಗುತ್ತದೆ, ಸೈಕಲ್ ಪಂಪಿನ ತುದಿಯ ಹಾಗೆ. ಬಿಸಿ ಗಾಳಿ ನೀರು ಕೊಡುವ ಬದಲು ನೆಲದಲ್ಲಿದ್ದ ತೇವವನ್ನೂ ಹೀರಿಕೊಳ್ಳುತ್ತದೆ. ಬೆಟ್ಟದ ಹಿಂದೆ ಹೀಗೆ ಒಣಗುವ ಸೀಮೆಗೆ ಮಳೆ ನೆರಳಿನ ಪ್ರದೇಶ ಅಂತ ಹೆಸರು. ಬಿಸಿಲಿಗೆ ಗೋಡೆ ಅಡ್ಡ ಬಂದರೆ ಆಚೆ ನೆರಳು ಬೀಳುತ್ತದೆ. ಮಳೆಗೆ ಬೆಟ್ಟ ಅಡ್ಡ ಬಂದರೆ ಆಚೆ ಒಣ ನೆಲ. ನಮ್ಮ ಮೂರೂ ಜಿಲ್ಲೆ ಈ ನೆರಳಿನಲ್ಲೇ ಇವೆ. ಗದಗ, ಕೊಪ್ಪಳದ ಬಯಲಿನಲ್ಲಿ ಈಗ ಸಾಲು ಸಾಲಾಗಿ ತಿರುಗುವ ಗಾಳಿಯಂತ್ರಗಳಿಗೆ ಹಬ್ಬವೆಂದರೆ ಈ ಆಷಾಢದ ಗಾಳಿಯೇ.

ನಮ್ಮಲ್ಲೂ ಬೆಟ್ಟ ಇವೆಯಲ್ಲ?

ಇದನ್ನು ಶಾಲೆ ಮಕ್ಕಳು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಹಂಪಿ, ಆನೆಗೊಂದಿ, ಅಂಜನಾದ್ರಿಯ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಮಡಗಾಸ್ಕರ್ ಬೇರೆಯಾಗುವ ಹೊತ್ತಿಗೇ ಅವು ಮುದುಕಾಗಿದ್ದವು. ಆದರೆ ಅವು ಚೆಲ್ಲಾಪಿಲ್ಲಿ ಗುಡ್ಡಗಳು. ಗಾಳಿ ಅವುಗಳ ಸಂದಿಯಲ್ಲಿ ನುಸುಳಿ ಹೋಗುತ್ತದೆ, ಹತ್ತಬೇಕಾದ ಅಗತ್ಯವೇ ಇಲ್ಲ. ಮಳೆ ತರಿಸಬೇಕಾದರೆ ಉದ್ದವಾದ, ಸಂದಿಯಿಲ್ಲದ ಅಡ್ಡಗೋಡೆ ಬೇಕು. ಮೇಲಾಗಿ ಗಾಳಿಯಲ್ಲಿ ನೀರು ಉಳಿದಿರಬೇಕು.

ಸಂಡೂರು ಸ್ವಲ್ಪ ಬೇರೆ. ಅಲ್ಲಿಯ ಕಬ್ಬಿಣದ ಅದಿರಿನ ಬೆಟ್ಟಗಳು ಸಾಲಾಗಿವೆ, ಕೆಲವು ಕಡೆ ಸಾವಿರ ಮೀಟರಿನ ಹತ್ತಿರ ಏರುತ್ತವೆ. ಕುಮಾರಸ್ವಾಮಿ ಬೆಟ್ಟದ ಕಡೆ ಮಳೆಗಾಲದಲ್ಲಿ ಹೋದವರಿಗೆ ಗೊತ್ತು, ಮಂಜು ಇಳಿದಿರುತ್ತದೆ, ಹಸಿರು ಕಣ್ಣಿಗೆ ತಂಪು. ಅಲ್ಲಿಂದ ಒಂದು ಗಂಟೆ ದಾರಿಯ ಬಳ್ಳಾರಿಯಲ್ಲಿ ಬಿಸಿಲು. ಘಟ್ಟ ದೊಡ್ಡದಾಗಿ ಮಾಡುವ ಕೆಲಸವನ್ನು ಸಂಡೂರಿನ ಬೆಟ್ಟ ಚಿಕ್ಕದಾಗಿ ಮಾಡುತ್ತದೆ, ಅಷ್ಟೇ.

ಒಂದೇ ಬೆಟ್ಟ, ಎರಡು ಸಮುದ್ರ

ಮಾಳಿಗೆ ಮನೆ ಕಟ್ಟುವಾಗ ನೀರು ನಿಲ್ಲಬಾರದು ಅಂತ ಮಾಳಿಗೆಯನ್ನು ಒಂದು ಕಡೆಗೆ ಸ್ವಲ್ಪ ವಾಟ ಮಾಡುತ್ತಾರೆ. ಕಣ್ಣಿಗೆ ಕಾಣದಷ್ಟು. ಆದರೆ ನೀರಿಗೆ ಗೊತ್ತಾಗುತ್ತದೆ. ದಕ್ಷಿಣ ಭಾರತವೂ ಅಂಥ ಮಾಳಿಗೆ. ಪಶ್ಚಿಮದ ಅಂಚು ಎತ್ತರ, ಪೂರ್ವಕ್ಕೆ ವಾಟ. ಹಾಗಾಗಿಯೇ ಗೋದಾವರಿ, ಕೃಷ್ಣಾ, ಕಾವೇರಿ ಮೂರೂ ಪಶ್ಚಿಮದಲ್ಲಿ ಹುಟ್ಟಿ ಇಡೀ ನಾಡು ದಾಟಿ ಬಂಗಾಳ ಕೊಲ್ಲಿ ಸೇರುತ್ತವೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬೀ ಸಮುದ್ರ ನೂರು ಕಿಲೋಮೀಟರ್ ಕೂಡ ಇಲ್ಲ. ಆದರೂ ಅವಳು ಸುಮಾರು 1,400 ಕಿಲೋಮೀಟರ್ ಆ ಕಡೆಯ ಸಮುದ್ರಕ್ಕೆ ನಡೆಯುತ್ತಾಳೆ. ನಡುದಾರಿಯಲ್ಲಿ ರಾಯಚೂರಿನ ಬದಿ ಹಾದು ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೂ ನೀರು ಕೊಡುತ್ತಾಳೆ.

ನಮ್ಮ ನದಿಯ ಮೂಲ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಸೀಮೆಯ ಗಂಗಾಮೂಲ. ತುಂಗೆ, ಭದ್ರೆ ಎರಡೂ ಅಲ್ಲೇ ಹುಟ್ಟುತ್ತವೆ. ಪಶ್ಚಿಮಕ್ಕೆ ಇಳಿಯುವ ನೇತ್ರಾವತಿಯೂ ಅದೇ ಬೆಟ್ಟಗಳದ್ದು. ಅಂದರೆ ಅಲ್ಲಿಯ ನೆತ್ತಿಯ ಮೇಲೆ ಪಕ್ಕಪಕ್ಕ ಬಿದ್ದ ಎರಡು ಹನಿಗಳಲ್ಲಿ ಒಂದು ನೂರು ಕಿಲೋಮೀಟರ್ ಹರಿದು ಮಂಗಳೂರಿನಲ್ಲಿ ಕಡಲಿಗೆ ಸೇರಬಹುದು. ಇನ್ನೊಂದು ನಮ್ಮ ಗದ್ದೆಗೆ ಬಂದು, ಮಿಕ್ಕರೆ ಬಂಗಾಳ ಕೊಲ್ಲಿಗೆ. ಇದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ತುಂಗೆ ಶೃಂಗೇರಿ, ತೀರ್ಥಹಳ್ಳಿ ಹಾದು ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ಹಾದು ಭದ್ರಾವತಿಗೆ. ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಇಬ್ಬರೂ ಕೂಡಿ ತುಂಗಭದ್ರೆ. ಮುಂದೆ ಹೊನ್ನಾಳಿ, ಹರಿಹರ. ಸಾಗರ ತಾಲೂಕಿನ ಕಡೆ ಹುಟ್ಟಿದ ವರದಾ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ಸೇರುತ್ತಾಳೆ. ಆಮೇಲೆ ನಮ್ಮ ಜಲಾಶಯ. ಅದರ ಒಂದು ಬದಿ ಕೊಪ್ಪಳ ಜಿಲ್ಲೆಯ ಮುನಿರಾಬಾದ್. ಇನ್ನೊಂದು ಬದಿ ಹೊಸಪೇಟೆ, ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆ. ಡ್ಯಾಂ ಇಳಿದ ನದಿ ಹಂಪಿ, ಕಂಪ್ಲಿ, ಸಿರುಗುಪ್ಪ, ಮಂತ್ರಾಲಯ ಹಾದು ಕೃಷ್ಣೆಗೆ. ಕೃಷ್ಣೆ, ತುಂಗಭದ್ರೆಯರ ನಡುವಿನ ನೆಲಕ್ಕೆ ಹಿಂದೆ ಎಡೆದೊರೆ ನಾಡು ಅನ್ನುತ್ತಿದ್ದರು. ಎಡೆ ಅಂದರೆ ನಡುವೆ, ತೊರೆ ಅಂದರೆ ಹೊಳೆ. ಇದೇ ರಾಯಚೂರು ದೋಆಬ್. ಘಟ್ಟದ ಎರಡು ಬೇರೆ ಬೇರೆ ಮೂಲೆಗಳ ಮಳೆ ಈ ಒಂದು ಸೀಮೆಯ ಎರಡು ಮಗ್ಗುಲಲ್ಲಿ ಹರಿಯುತ್ತದೆ.

ಹೀಗೆ ನಮ್ಮ ತಲೆಯ ಮೇಲೆ ನೇರವಾಗಿ ಬರುವ ಗಾಳಿ ಬರಿಗೈ. ಅದು ಘಟ್ಟದಲ್ಲಿ ಇಳಿಸಿದ ನೀರು ಮಾತ್ರ ಕೆಲವು ದಿನ ತಡವಾಗಿ, ನದಿಯಲ್ಲಿ ಸುತ್ತಿ ನಮ್ಮಲ್ಲಿಗೆ ಬರುತ್ತದೆ.

ಗಾಜನೂರಿನ ಸುದ್ದಿ ಯಾಕೆ ಮುಖ್ಯ?

ಮಲೆನಾಡಿನಲ್ಲಿ ಎಲ್ಲಿ ಮಳೆ ಆದರೂ ನಮಗೆ ಒಂದೇ ಅಲ್ಲ. ಭದ್ರೆಗೆ ಲಕ್ಕವಳ್ಳಿಯಲ್ಲಿ ಸುಮಾರು 71.5 ಟಿಎಂಸಿ (ಸಂಗ್ರಹದ ಅಳತೆ, ಮುಂದೆ ಬಿಡಿಸಿ ಹೇಳುತ್ತೇನೆ) ಹಿಡಿಯುವ ದೊಡ್ಡ ಡ್ಯಾಂ ಇದೆ. ಅದು ತುಂಬುವವರೆಗೆ ಭದ್ರೆಯ ನೀರು ನಮಗೆ ಹೆಚ್ಚು ಸಿಗಲ್ಲ. ತುಂಗೆಗೆ ಗಾಜನೂರಿನಲ್ಲಿರುವುದು ಮೂರು ಟಿಎಂಸಿ ಚಿಲ್ಲರೆಯ ಸಣ್ಣ ಡ್ಯಾಂ. ಎರಡು ದಿನ ಜೋರು ಮಳೆ ಆದರೆ ತುಂಬಿ, ಗೇಟ್ ತೆಗೆಯುತ್ತಾರೆ. ಅದಕ್ಕೇ ಜೂನ್ ಕೊನೆ, ಜುಲೈನಲ್ಲಿ ನಮ್ಮ ಡ್ಯಾಂ ಮೊದಲು ಏರುವುದು ತುಂಗೆಯ ನೀರಿನಿಂದ. ಶೃಂಗೇರಿ, ತೀರ್ಥಹಳ್ಳಿ ಮಳೆಯನ್ನು ನಮ್ಮ ರೈತರು ಕಾಯುವುದರ ಹಿಂದೆ ಈ ಲೆಕ್ಕ ಇದೆ.

ಇನ್ನು ಪೇಪರಿನಲ್ಲಿ ಬರುವ ಎರಡು ಪದಗಳು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಪ್ರತಿ ಸೆಕೆಂಡಿಗೆ ಎರಡು ಕೊಡ ನೀರು ಸುರಿದಂತೆ. ಇದು ಹರಿವಿನ ಲೆಕ್ಕ. ಟಿಎಂಸಿ ಸಂಗ್ರಹದ ಲೆಕ್ಕ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 23,000 ಎಕರೆಯಲ್ಲಿ ಒಂದು ಅಡಿ ನೀರು ನಿಲ್ಲಿಸಿದಷ್ಟು. ಒಳಹರಿವು ಒಂದು ಲಕ್ಷ ಕ್ಯೂಸೆಕ್ ಇದ್ದು ಇಡೀ ದಿನ ಹಾಗೇ ಇದ್ದರೆ ಡ್ಯಾಮಿಗೆ 8.64 ಟಿಎಂಸಿ ಸೇರುತ್ತದೆ. ಆ ಲೆಕ್ಕದಲ್ಲಿ ಸುಮಾರು 105 ಟಿಎಂಸಿ ಹಿಡಿಯುವ ನಮ್ಮ ಡ್ಯಾಂ ಖಾಲಿ ಇದ್ದರೂ ಹನ್ನೆರಡು ಹದಿಮೂರು ದಿನಕ್ಕೆ ತುಂಬಿಬಿಡುತ್ತದೆ. ಘಟ್ಟದಲ್ಲಿ ಎರಡು ವಾರ ಒಳ್ಳೆ ಮಳೆ ಆದರೆ ನಮ್ಮ ವರ್ಷದ ಹಣೆಬರಹ ಬದಲಾಗುವುದು ಹೀಗೆ.

ಹೂಳು, ಕಾಡು ಮತ್ತು ಎರಡನೇ ಬೆಳೆ

1953ರಲ್ಲಿ ತುಂಗಭದ್ರಾ ಡ್ಯಾಂ ಕಟ್ಟಿ ಮುಗಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ ಲೆಕ್ಕಕ್ಕೆ ಹಿಡಿಯುವುದು 105.788. ಉಳಿದ ಜಾಗದಲ್ಲಿ ಹೂಳು ಕೂತಿದೆ. ಹೋದ 27 ಟಿಎಂಸಿ ಅಂದರೆ ಆರು ಲಕ್ಷ ಎಕರೆಗೆ ಒಂದು ಅಡಿ ನೀರು. ಈ ಮಣ್ಣು ಬಂದಿದ್ದು ನದಿಯ ಮೇಲ್ಭಾಗದ ಇಳಿಜಾರು, ಹೊಲ, ಗುಡ್ಡಗಳಿಂದ. ಮರ ಇರುವ ನೆಲದ ಮೇಲೆ ಮಳೆ ಮೊದಲು ಎಲೆಗೆ ಬೀಳುತ್ತದೆ, ಆಮೇಲೆ ತರಗೆಲೆಗೆ, ಆಮೇಲೆ ನಿಧಾನ ಮಣ್ಣಿಗೆ. ಬೋಳು ನೆಲದ ಮೇಲೆ ನೇರ ಹೊಡೆತ. ಮಣ್ಣು ಎದ್ದು ನೀರಿನ ಜೊತೆ ಹೊರಡುತ್ತದೆ. ಭದ್ರೆಯ ತವರಾದ ಕುದುರೆಮುಖದಲ್ಲಿ ದಶಕಗಳ ಕಾಲ ಕಬ್ಬಿಣದ ಗಣಿ ನಡೆಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ನದಿಗೆ ಇಳಿಯುವ ಹೂಳು ಆ ಮೊಕದ್ದಮೆಯ ದೊಡ್ಡ ಮಾತಾಗಿತ್ತು.

ಘಟ್ಟದ ಎತ್ತರದಲ್ಲಿ ಶೋಲಾ ಅಂತ ಒಂದು ಬಗೆಯ ಕಾಡಿದೆ. ಬೆಟ್ಟದ ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟ ಮರ. ಮಳೆಗಾಲದ ನೀರನ್ನು ಅದು ಸ್ಪಂಜಿನಂತೆ ಹಿಡಿದು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಸಣ್ಣಗೆ ಬಿಡುತ್ತದೆ. ಜುಲೈನ ಪ್ರವಾಹ ಡ್ಯಾಂ ತುಂಬಿಸುತ್ತದೆ. ಅದಾದ ಮೇಲೂ ನದಿಗೆ ಬರುತ್ತಲೇ ಇರುವ ಈ ಸಣ್ಣ ಹರಿವನ್ನು ಸುದ್ದಿಯಲ್ಲಿ ಯಾರೂ ಹೇಳಲ್ಲ. ಎರಡನೇ ಬೆಳೆಗೆ ಎಷ್ಟು ನೀರು ಉಳಿಯುತ್ತದೆ ಅನ್ನುವ ಲೆಕ್ಕದಲ್ಲಿ ಅದಕ್ಕೂ ಪಾಲಿದೆ. ಎಡದಂಡೆ ನಾಲೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತರಿಗೆ ಒಂದೊಂದು ಟಿಎಂಸಿಯ ಬೆಲೆ ಗೊತ್ತು.

ಕಾಲುವೆ ಇಲ್ಲದವರ ಮಳೆ

ಇಷ್ಟೂ ಹೇಳಿದ್ದು ಕಾಲುವೆ ಇರುವವರ ಮಾತು. ಯಲಬುರ್ಗಾ, ಕುಕನೂರಿನ ಎರೆ ಭೂಮಿಯವರಿಗೆ, ಒಣಬೇಸಾಯವನ್ನೇ ನಂಬಿದ ಎಷ್ಟೋ ಹಳ್ಳಿಗಳಿಗೆ ತುಂಗಭದ್ರೆ ಮುಟ್ಟಲ್ಲ. ಅವರ ಮಳೆಯ ಲೆಕ್ಕ ಬೇರೆ.

ಘಟ್ಟದಲ್ಲಿ ಜುಲೈ ಅತಿ ಜೋರಿನ ತಿಂಗಳು. ಬಳ್ಳಾರಿ, ರಾಯಚೂರಿನಲ್ಲಿ ವರ್ಷದ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಪಶ್ಚಿಮದ ಗಾಳಿಯ ಬಿರುಸು ಇಳಿದಾಗ ಇಲ್ಲಿಯ ನೆಲ ಕಾದು ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಕಟ್ಟುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಆಂಧ್ರದ ಕಡೆಯಿಂದ ತೇವದ ಗಾಳಿ ನುಗ್ಗುತ್ತದೆ. ಪೂರ್ವದಲ್ಲೂ ಘಟ್ಟ ಇದೆ, ಆದರೆ ಅದು ತುಂಡು ತುಂಡು, ತಗ್ಗು. ಕೃಷ್ಣಾ, ಗೋದಾವರಿಯಂಥ ನದಿಗಳು ಅದನ್ನು ಸೀಳಿಕೊಂಡೇ ಹೋಗಿವೆ. ಪಶ್ಚಿಮದಂತೆ ಗಟ್ಟಿಯಾಗಿ ಅಡ್ಡ ನಿಲ್ಲಲ್ಲ.

"ಮಘಾ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅನ್ನುತ್ತಾರೆ. ಮಘಾ ಬರುವುದು ಆಗಸ್ಟ್ ಕೊನೆಯ ಹೊತ್ತಿಗೆ. ಆಮೇಲೆ ಹುಬ್ಬಾ, ಉತ್ತರಾ, ಹಸ್ತ. ಆ ಹೊತ್ತಿಗೆ ಆಷಾಢದ ಗಾಳಿ ಅಡಗಿರುತ್ತದೆ. ಡ್ಯಾಮಿನ ಒಳಹರಿವಿನ ಸುದ್ದಿ ಪೇಪರಿನ ಒಳಪುಟಕ್ಕೆ ಸರಿದಿರುತ್ತದೆ. ಎರೆ ಹೊಲದ ಬದುವಿನಲ್ಲಿ ನಿಂತವರು ಬಿಳಿಜೋಳದ ಬೀಜ ಹಸನು ಮಾಡಿಟ್ಟುಕೊಂಡು, ಪಶ್ಚಿಮಕ್ಕೆ ಬೆನ್ನು ಹಾಕಿ, ಮೂಡಣ ದಿಕ್ಕಿನಲ್ಲಿ ಮೋಡ ಕಪ್ಪಾಗುವುದನ್ನು ನೋಡುತ್ತಿರುತ್ತಾರೆ.